ವಿಷವಲ್ಲ ಅಂತ ಸಾಬೀತು ಮಾಡಬೇಕಾದವರು ಯಾರು?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಅವಕ್ಕೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ಲಾಸ್ಟಿಕ್ ಬಗ್ಗೆ ಮಾತು ಅಂದಕೂಡಲೇ ಚೀಲ, ಬಾಟಲಿ, ಕಸದ ರಾಶಿ ಕಣ್ಣಮುಂದೆ ಬರುತ್ತವೆ. ಆ ವಿಚಾರಕ್ಕೂ ಬರುತ್ತೇನೆ. ಅದಕ್ಕೆ ಮೊದಲು ಪೆಟ್ರೋಲ್ ಕಥೆ ಹೇಳಬೇಕು. ಒಂದು ವಸ್ತು ವಿಷ ಅಂತ ಗೊತ್ತಿದ್ದೂ ಸರ್ಕಾರಗಳು ಎಷ್ಟು ಕಾಲ ಕೈಕಟ್ಟಿ ಕೂರಬಹುದು ಅನ್ನುವುದು ಈ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ.

1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿದ್ದ ಥಾಮಸ್ ಮಿಡ್‌ಗ್ಲಿ ಒಂದು ಉಪಾಯ ಕಂಡುಹಿಡಿದರು. ಟೆಟ್ರಾಈಥೈಲ್ ಲೆಡ್ ಅನ್ನುವ ಸೀಸದ ದ್ರವವನ್ನು ಪೆಟ್ರೋಲ್‌ಗೆ ಸ್ವಲ್ಪವೇ ಬೆರೆಸಿದರೆ ಎಂಜಿನ್ ಟಕಟಕ ಬಡಿದುಕೊಳ್ಳುವುದು ನಿಲ್ಲುತ್ತದೆ. 1923ರಲ್ಲಿ ಮಾರಾಟ ಶುರುವಾಯಿತು. ಸೀಸ ವಿಷ ಅನ್ನುವುದು ಆಗ ಹೊಸ ಸುದ್ದಿಯೇನಲ್ಲ, ರೋಮನ್ನರ ಕಾಲದಿಂದಲೂ ಗೊತ್ತಿತ್ತು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಘಟಕದಲ್ಲಿ ಈ ದ್ರವ ತಯಾರಿಸುತ್ತಿದ್ದ ಕೆಲಸಗಾರರಿಗೆ ಒಬ್ಬೊಬ್ಬರಾಗಿ ಬುದ್ಧಿಭ್ರಮಣೆಯಾಯಿತು. ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಕೂಗಾಡುತ್ತಿದ್ದವರನ್ನು ಹಿಡಿದು ಕಟ್ಟಬೇಕಾಯಿತು. ಕೆಲವೇ ದಿನಗಳಲ್ಲಿ ಐವರು ಸತ್ತರು, 30ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅಲ್ಲಿ ತಯಾರಾಗುತ್ತಿದ್ದುದಕ್ಕೆ ಕೆಲಸಗಾರರೇ ‘ಹುಚ್ಚು ಗ್ಯಾಸ್’ ಅಂತ ಹೆಸರಿಟ್ಟಿದ್ದರು.

ಅದೇ ತಿಂಗಳ ಕೊನೆಯಲ್ಲಿ ಮಿಡ್‌ಗ್ಲಿ ಪತ್ರಕರ್ತರನ್ನು ಕರೆದು, ಅವರೆದುರಿಗೇ ಆ ದ್ರವದಲ್ಲಿ ಕೈ ತೊಳೆದು ತೋರಿಸಿದರು. ಹಿಂದಿನ ವರ್ಷ ಇದೇ ಸೀಸದಿಂದ ಕಾಯಿಲೆ ಬಿದ್ದು, ರಜೆ ಹಾಕಿ ಸುಧಾರಿಸಿಕೊಂಡವರು ಅವರು. ಅದನ್ನು ಆ ದಿನ ಹೇಳಲಿಲ್ಲ.

1925ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, ಒಂದು ಸಭೆ ಕರೆದರು. ಕಾರ್ಖಾನೆಗಳ ವಿಷಗಳ ಬಗ್ಗೆ ಆ ಕಾಲಕ್ಕೆ ಅತಿ ಹೆಚ್ಚು ತಿಳಿದಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅಲ್ಲಿದ್ದರು. ಇದನ್ನು ಬೀದಿಗೆ ಬಿಡಬೇಡಿ ಅಂತ ಎಚ್ಚರಿಸಿದರು. ಸಭೆಯ ನಂತರ ಒಂದು ಸಮಿತಿಯಾಯಿತು. ನಿಷೇಧಿಸಲು ಸಾಕಷ್ಟು ಆಧಾರ ಇಲ್ಲ, ಮುಂದೆ ಇನ್ನಷ್ಟು ಅಧ್ಯಯನ ಆಗಲಿ ಅಂತ ಅದು 1926ರಲ್ಲಿ ವರದಿ ಕೊಟ್ಟಿತು. ನಡುವೆ ನಿಂತಿದ್ದ ಮಾರಾಟ ಮತ್ತೆ ಶುರುವಾಯಿತು. ಆ ‘ಇನ್ನಷ್ಟು ಅಧ್ಯಯನ’ವನ್ನು ಮುಂದಿನ ನಾಲ್ಕು ದಶಕ ನಡೆಸಿದವರು ಹೆಚ್ಚುಕಡಿಮೆ ಸೀಸದ ಉದ್ಯಮದ ಹಣದಲ್ಲಿ ಕೆಲಸ ಮಾಡುತ್ತಿದ್ದವರು. ಅವರಲ್ಲಿ ಮುಖ್ಯರಾಗಿದ್ದ ರಾಬರ್ಟ್ ಕೀಹೋ ಅವರ ವಾದ ಬಹಳ ಸರಳ: ತೊಂದರೆ ಇದೆ ಅನ್ನುವವರು ತೊಂದರೆ ತೋರಿಸಲಿ, ಅಲ್ಲಿಯವರೆಗೆ ಮಾರಾಟ ನಡೆಯಲಿ.

ಈ ವಾದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಒಂದು ವಾದದ ಬಗ್ಗೆ.

ಅದನ್ನು ಒಡೆದವರಲ್ಲಿ ಮೊದಲಿಗರು ವೈದ್ಯರಲ್ಲ, ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್. ಅವರು ಭೂಮಿಯ ವಯಸ್ಸು ಅಳೆಯಲು ಹೊರಟಿದ್ದರು. ಉಲ್ಕಾಶಿಲೆಯಲ್ಲಿನ ಸೀಸವನ್ನು ಅಳೆದಾಗೆಲ್ಲ ಬೇರೆಬೇರೆ ಲೆಕ್ಕ ಬರುತ್ತಿತ್ತು. ಕೊನೆಗೆ ನೋಡಿದರೆ ಸೀಸ ಗಾಳಿಯಲ್ಲಿತ್ತು, ಧೂಳಿನಲ್ಲಿತ್ತು, ಪ್ರಯೋಗಾಲಯದ ಪಾತ್ರೆಗಳಲ್ಲೂ ಇತ್ತು. ಅದನ್ನೆಲ್ಲ ತೊಡೆದು ಶುದ್ಧ ಕೋಣೆ ಕಟ್ಟಿಕೊಂಡ ಮೇಲೇ ಭೂಮಿಗೆ ಸುಮಾರು 455 ಕೋಟಿ ವರ್ಷ ಅಂತ ಹೇಳಲು ಆದದ್ದು. 1965ರಲ್ಲಿ ಅವರು ಇನ್ನೊಂದು ಲೇಖನ ಬರೆದರು. ಇವತ್ತಿನ ಮನುಷ್ಯನ ಮೈಯಲ್ಲಿರುವ ಸೀಸ ಸಹಜ ಮಟ್ಟದಲ್ಲಿಲ್ಲ, ಅದಕ್ಕಿಂತ ಬಹುಪಟ್ಟು ಜಾಸ್ತಿ ಇದೆ ಅಂತ ಅದರಲ್ಲಿ ತೋರಿಸಿದರು. ಎಲ್ಲರಲ್ಲೂ ಇದೆ ಅಂದಮಾತ್ರಕ್ಕೆ ಅದು ಸಹಜ ಅಂತಾಗುವುದಿಲ್ಲ, ಅಲ್ವಾ? ಕೀಹೋ ಅವರ ವಾದ ನಿಂತಿದ್ದೇ ಆ ಗೊಂದಲದ ಮೇಲೆ.

ನಂತರ ಬಂದದ್ದು ಹಾಲುಹಲ್ಲುಗಳ ಅಧ್ಯಯನ. ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಬಾಸ್ಟನ್ ಹತ್ತಿರದ ಎರಡು ಊರುಗಳ ಶಾಲೆಗಳಿಗೆ ಹೇಳಿ, ಒಂದನೇ, ಎರಡನೇ ತರಗತಿ ಮಕ್ಕಳ ಬಿದ್ದ ಹಲ್ಲುಗಳನ್ನು ಸಂಗ್ರಹಿಸಿದರು. ಸೀಸ ರಕ್ತದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ, ಹಲ್ಲಿನಲ್ಲಿ ನಿಲ್ಲುತ್ತದೆ. ಹಾಗಾಗಿ ಮಗುವಿನ ಹಲ್ಲು ಅದರ ಹಿಂದಿನ ವರ್ಷಗಳ ಲೆಕ್ಕ ಹೇಳುತ್ತದೆ. ಆ ಮಕ್ಕಳಲ್ಲಿ ಯಾರಿಗೂ ಸೀಸದ ಕಾಯಿಲೆಯ ಲಕ್ಷಣ ಇರಲಿಲ್ಲ. ಆದರೂ ಹಲ್ಲಿನಲ್ಲಿ ಸೀಸ ಜಾಸ್ತಿ ಇದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಿಂದುಳಿದಿದ್ದರು. ಪಾಠ ಹೇಳುವ ಶಿಕ್ಷಕರು, ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸ ಅಂತ ಗೊತ್ತಿಲ್ಲದೆಯೇ, ಅದೇ ಮಕ್ಕಳ ಬಗ್ಗೆ ‘ಗಮನ ನಿಲ್ಲುವುದಿಲ್ಲ’ ಅಂತ ಬರೆದಿದ್ದರು. ಇದು ಪ್ರಕಟವಾದದ್ದು 1979ರಲ್ಲಿ. ಮುಂದೆ ನೀಡಲ್‌ಮನ್ ಮೇಲೆ ವೈಜ್ಞಾನಿಕ ದುರ್ನಡತೆಯ ಆರೋಪ ಹೊರಿಸಿದರು. ವರ್ಷಗಟ್ಟಲೆ ವಿಚಾರಣೆ ಎದುರಿಸಿ ಅವರು ಆರೋಪಮುಕ್ತರಾದರು.

ಹಲ್ಲುಗಳ ಅಧ್ಯಯನ ಪ್ರಕಟವಾಗುವ ಮೊದಲೇ ಅಮೆರಿಕ ಪೆಟ್ರೋಲ್‌ನಲ್ಲಿ ಸೀಸ ಇಳಿಸಲು ಶುರು ಮಾಡಿತ್ತು. ಆರೋಗ್ಯದ ಕಾಳಜಿ ಒಂದು ಕಾರಣ. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಸೀಸದಿಂದ ಹಾಳಾಗುತ್ತದೆ ಅನ್ನುವುದು ಇನ್ನೊಂದು ದೊಡ್ಡ ಕಾರಣ. ಯಾವ ಕಾರಣಕ್ಕಾದರೂ ಆಗಲಿ, 1976ರಿಂದ 1980ರ ನಡುವೆ ಅಲ್ಲಿನ ಜನರ ರಕ್ತದಲ್ಲಿನ ಸೀಸದ ಸರಾಸರಿ ಶೇ. 37ರಷ್ಟು ಇಳಿಯಿತು. ಪೆಟ್ರೋಲ್‌ನ ಸೀಸ ಇಳಿದ ಹಾಗೆಲ್ಲ ರಕ್ತದ ಸೀಸವೂ ಇಳಿಯಿತು. ಯಾರೂ ಪಥ್ಯ ಮಾಡಲಿಲ್ಲ, ಯಾರೂ ಔಷಧಿ ನುಂಗಲಿಲ್ಲ. ಒಂದು ನಿಯಮ ಬದಲಾಯಿತು, ಕೋಟಿಗಟ್ಟಲೆ ಜನರ ರಕ್ತ ಬದಲಾಯಿತು.

ಜಗತ್ತಿನಲ್ಲಿ ಕೊನೆಯದಾಗಿ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದು ನಿಂತದ್ದು ಅಲ್ಜೀರಿಯಾದಲ್ಲಿ, 2021ರ ಜುಲೈನಲ್ಲಿ. ಮಾರಾಟ ಶುರುವಾದ 98 ವರ್ಷಗಳ ನಂತರ. ಸೀಸಕ್ಕೆ ಸುರಕ್ಷಿತ ಮಟ್ಟ ಅನ್ನುವುದೇ ಇಲ್ಲ ಅಂತ ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕೀಹೋ ಅವರ ವಾದ ಅಲ್ಲಿಗೆ ಸತ್ತಿತು ಅಂದುಕೊಳ್ಳಬೇಡಿ. ಅದು ಕಾನೂನಿನ ಒಳಗೆ ಹೋಗಿ ಕೂತುಕೊಂಡಿತು.

ಒಂದು ಹೊಸ ಔಷಧಿ ಮಾರುಕಟ್ಟೆಗೆ ಬರಬೇಕಾದರೆ, ಅದು ಸುರಕ್ಷಿತ ಅಂತ ಕಂಪನಿಯೇ ಮೊದಲು ತೋರಿಸಬೇಕು. ಇದನ್ನು ನಾವೆಲ್ಲ ಒಪ್ಪುತ್ತೇವೆ. ಆದರೆ ಸೋಫಾದ ಸ್ಪಂಜಿಗೆ, ಆಟಿಕೆಗೆ, ನೀರಿನ ಪೈಪಿಗೆ ಹಾಕುವ ರಾಸಾಯನಿಕಕ್ಕೆ ಜಗತ್ತಿನ ಹೆಚ್ಚಿನ ಕಡೆ ಈ ನಿಯಮ ಇಲ್ಲ. ಅಮೆರಿಕ 1976ರಲ್ಲಿ ವಿಷಕಾರಿ ವಸ್ತುಗಳ ನಿಯಂತ್ರಣಕ್ಕೆ ಕಾಯ್ದೆ ತಂದಾಗ, ಅದಾಗಲೇ ಬಳಕೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಪರೀಕ್ಷೆಯಿಲ್ಲದೆ ಹಾಗೇ ಒಳಗೆ ಬಿಟ್ಟುಕೊಂಡಿತು. ಯಾವುದನ್ನಾದರೂ ತಡೆಯಬೇಕಾದರೆ ಸರ್ಕಾರವೇ ಅಪಾಯ ಸಾಬೀತು ಮಾಡಬೇಕಿತ್ತು. ಜೊತೆಗೆ, ಉದ್ಯಮಕ್ಕೆ ಅತಿ ಕಡಿಮೆ ಹೊರೆಯಾಗುವ ದಾರಿಯನ್ನೇ ಆರಿಸಿದ್ದೇವೆ ಅಂತಲೂ ತೋರಿಸಬೇಕಿತ್ತು.

ಇದರ ಪರಿಣಾಮ ನೋಡಿ. ಆಸ್‌ಬೆಸ್ಟಾಸ್ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ವಿಜ್ಞಾನಿಗಳಿಗೆ ಯಾವ ಅನುಮಾನವೂ ಇರಲಿಲ್ಲ. ಸುಮಾರು ಹತ್ತು ವರ್ಷ ದಾಖಲೆ ಸೇರಿಸಿ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1989ರಲ್ಲಿ ಅದನ್ನು ನಿಷೇಧಿಸಿತು. 1991ರಲ್ಲಿ ನ್ಯಾಯಾಲಯ ಆ ನಿಷೇಧದ ಬಹುಭಾಗವನ್ನು ತಳ್ಳಿಹಾಕಿತು. ಕಡಿಮೆ ಹೊರೆಯ ದಾರಿಗಳನ್ನು ಸರಿಯಾಗಿ ಪರಿಶೀಲಿಸಿಲ್ಲ ಅನ್ನುವುದು ಅದಕ್ಕೆ ಕೊಟ್ಟ ಕಾರಣ. ಆಸ್‌ಬೆಸ್ಟಾಸನ್ನೇ ನಿಷೇಧಿಸಲು ಆಗದ ಕಾಯ್ದೆಯಿಂದ ಇನ್ನೇನು ಆಗಬೇಕು? ಕಾಯ್ದೆ ತಿದ್ದುಪಡಿಯಾದದ್ದು 2016ರಲ್ಲಿ. ಅಲ್ಲಿ ಬಳಕೆಯಲ್ಲಿ ಉಳಿದಿದ್ದ ಕ್ರೈಸೊಟೈಲ್ ಆಸ್‌ಬೆಸ್ಟಾಸ್‌ಗೆ ನಿಷೇಧ ಬಂದದ್ದು 2024ರಲ್ಲಿ.

ಯುರೋಪಿಯನ್ ಒಕ್ಕೂಟ 2007ರಲ್ಲಿ ಈ ವಾದವನ್ನು ತಿರುಗಿಸಿತು. ರೀಚ್ ಅನ್ನುವ ನಿಯಮ ಜಾರಿಗೆ ಬಂತು. ವರ್ಷಕ್ಕೆ ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ತಯಾರಿಸುವ, ಆಮದು ಮಾಡುವ ಪ್ರತಿ ರಾಸಾಯನಿಕದ ಮಾಹಿತಿಯನ್ನೂ ಕಂಪನಿಯೇ ಕೊಟ್ಟು ನೋಂದಾಯಿಸಬೇಕು. ಮಾಹಿತಿ ಇಲ್ಲದಿದ್ದರೆ ಮಾರುಕಟ್ಟೆಯೂ ಇಲ್ಲ. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಕೊರತೆಗಳೂ ಇವೆ. ಕಂಪನಿಗಳು ಕೊಟ್ಟ ಕಡತಗಳಲ್ಲಿ ಎಷ್ಟೋ ಅಪೂರ್ಣ ಅಂತ ಪರಿಶೀಲನೆಯಲ್ಲಿ ಗೊತ್ತಾಯಿತು. ಇನ್ನೊಂದು ಕೊರತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಪಾಲಿಮರ್‌ಗಳಿಗೆ, ಅಂದರೆ ಪ್ಲಾಸ್ಟಿಕ್‌ನ ಮೂಲವಸ್ತುವಿಗೆ, ನೋಂದಣಿಯಿಂದ ವಿನಾಯಿತಿ ಕೊಟ್ಟುಬಿಟ್ಟರು. ಇಷ್ಟು ದೊಡ್ಡ ಅಣು ಮೈಯೊಳಗೆ ಹೋಗಲಾರದು ಅನ್ನುವ ನಂಬಿಕೆ ಆಗ ಇತ್ತು.

ಪ್ಲಾಸ್ಟಿಕ್ ಅಂದರೆ ಬರೀ ಪಾಲಿಮರ್ ಅಲ್ಲ. ಅದನ್ನು ಮೆತ್ತಗೆ ಮಾಡಲು ಒಂದು, ಬಿಸಿಲಿಗೆ ಬಿರಿಯದಿರಲು ಇನ್ನೊಂದು, ಬೆಂಕಿ ಹಿಡಿಯದಿರಲು ಮತ್ತೊಂದು ಅಂತ ಬೇರೆ ಬೇರೆ ರಾಸಾಯನಿಕ ಸೇರಿಸುತ್ತಾರೆ. ಪ್ಲಾಸ್ಟಿಕ್‌ನಲ್ಲಿ ಬಳಸುವ ಅಥವಾ ಸಿಗುವ 16,000ಕ್ಕೂ ಹೆಚ್ಚು ರಾಸಾಯನಿಕಗಳನ್ನು 2024ರ ಪ್ಲಾಸ್ಟ್‌ಕೆಮ್ ವರದಿ ಪಟ್ಟಿ ಮಾಡಿತು. ಅವುಗಳಲ್ಲಿ 4,200ಕ್ಕೂ ಹೆಚ್ಚು ಅಪಾಯಕಾರಿ ಗುಣದವು. ಇವುಗಳಲ್ಲಿ ಹಲವು ಪಾಲಿಮರ್‌ಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಅದರ ಎಳೆಗಳ ನಡುವೆ ಸುಮ್ನೆ ಕೂತಿರುತ್ತವೆ. ಮೆತ್ತನೆಯ ಪಿವಿಸಿಯಲ್ಲಿ ತೂಕದ ಮೂರನೇ ಒಂದು ಭಾಗ ಥ್ಯಾಲೇಟ್ ಎಂಬ ಮೆತ್ತಗೆ ಮಾಡುವ ರಾಸಾಯನಿಕ ಇರಬಹುದು. ಬಿಸಿ ತಾಗಿದರೆ, ಎಣ್ಣೆ ತಾಗಿದರೆ, ವಸ್ತು ಹಳೆಯದಾದರೆ ಇವು ಹೊರಗೆ ಬರುತ್ತವೆ. ಗಾಳಿಗೆ, ಧೂಳಿಗೆ, ಆಹಾರಕ್ಕೆ ಸೇರುತ್ತವೆ.

ನಿಮ್ಮ ಜೇಬಿನಲ್ಲಿ ಅಂಗಡಿಯ ಬಿಲ್ ಇದ್ದರೆ ಹೊರಗೆ ತೆಗೆದು ನೋಡಿ. ಉಗುರಿನಿಂದ ಗೀರಿದರೆ ಕಪ್ಪು ಗೆರೆ ಬೀಳುತ್ತದೆಯೇ? ಹಾಗಿದ್ದರೆ ಅದು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇಲ್ಲ. ಬಿಸಿ ತಾಗಿದ ಕಡೆ ಬಣ್ಣ ಮೂಡಿಸುವ ಲೇಪನ ಇದೆ. ಬಹಳ ವರ್ಷ ಆ ಲೇಪನದಲ್ಲಿ ಬಳಸುತ್ತಿದ್ದುದು ಬಿಸ್‌ಫಿನಾಲ್ ಎ, ಅಂದರೆ ಬಿಪಿಎ. ಅದು ಬಿಡಿಯಾಗಿ ಮೇಲ್ಮೈಯಲ್ಲೇ ಇರುವುದರಿಂದ ಬೆರಳಿಗೆ ಅಂಟುತ್ತದೆ. ಗಟ್ಟಿ ಪಾರದರ್ಶಕ ಬಾಟಲಿಗಳು, ಆಹಾರದ ಡಬ್ಬಿಗಳ ಒಳಲೇಪ ಇವೆಲ್ಲವೂ ಇದೇ ಬಿಪಿಎಯಿಂದ ಆದವು. ಇದು ಈಸ್ಟ್ರೊಜೆನ್ ಹಾರ್ಮೋನಿನ ಹಾಗೆ ವರ್ತಿಸುತ್ತದೆ ಅಂತ 1936ರಲ್ಲೇ ಪ್ರಯೋಗದಲ್ಲಿ ಕಂಡಿತ್ತು. ಪ್ಲಾಸ್ಟಿಕ್‌ಗೆ ಅದನ್ನು ಬಳಸಲು ಶುರು ಮಾಡಿದ್ದು ಅದಕ್ಕಿಂತ ಬಹಳ ಆಮೇಲೆ.

ಹಾರ್ಮೋನ್ ಅಂದಮೇಲೆ ಪ್ರಮಾಣದ ಮಾತು ಬೇರೆಯೇ ಆಗುತ್ತದೆ. ನಮ್ಮ ಮೈಯ ಹಾರ್ಮೋನುಗಳು ಕೆಲಸ ಮಾಡುವುದೇ ಅತಿ ಸೂಕ್ಷ್ಮ ಪ್ರಮಾಣದಲ್ಲಿ. ಗರ್ಭದಲ್ಲಿರುವ ಮಗುವಿನ ಮೆದುಳು, ಜನನಾಂಗಗಳು ರೂಪುಗೊಳ್ಳುವ ಕೆಲವು ವಾರಗಳಲ್ಲಿ ಚೂರು ಏರುಪೇರಾದರೂ ಆಮೇಲೆ ಸರಿಪಡಿಸಲು ಆಗದಿರಬಹುದು. ‘ಸ್ವಲ್ಪ ಇದ್ದರೆ ಏನಾಗುತ್ತೆ’ ಅನ್ನುವ ಮಾತು ಇಲ್ಲಿ ಧೈರ್ಯ ಕೊಡುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಬಿಪಿಎಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 4 ಮೈಕ್ರೋಗ್ರಾಂ ಪರವಾಗಿಲ್ಲ ಎಂದಿತ್ತು. 2023ರಲ್ಲಿ ಆ ಮಿತಿಯನ್ನು 20,000 ಪಟ್ಟು ಇಳಿಸಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಈ ಲೆಕ್ಕವನ್ನು ಒಪ್ಪಲಿಲ್ಲ, ತನ್ನದೇ ಲೆಕ್ಕ ಹಾಕಿತು. ಆ ಲೆಕ್ಕದಲ್ಲೂ ಮಿತಿ 20 ಪಟ್ಟು ಇಳಿಯಿತು. ತಜ್ಞರಿಗೆ ಎಷ್ಟು ಇಳಿಸಬೇಕು ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇದೆ. ಹಳೆಯ ಮಿತಿ ತಪ್ಪು ಅನ್ನುವುದರಲ್ಲಿ ಇಬ್ಬರೂ ಒಂದೇ.

ಯುರೋಪು 2011ರಲ್ಲಿ ಮಕ್ಕಳ ಹಾಲಿನ ಬಾಟಲಿಗಳಲ್ಲಿ, 2020ರಲ್ಲಿ ಬಿಲ್ ಕಾಗದದಲ್ಲಿ ಬಿಪಿಎ ನಿಲ್ಲಿಸಿತು. ಕಾಗದ ತಯಾರಕರಲ್ಲಿ ಹಲವರು ಬಿಪಿಎ ಬಿಟ್ಟು ಬಿಪಿಎಸ್ ಹಿಡಿದರು. ರಚನೆಯಲ್ಲಿ ಅದರ ಅಣ್ಣತಮ್ಮ. ಅದೂ ಹಾರ್ಮೋನ್ ವ್ಯವಸ್ಥೆಯನ್ನು ಕೆಡಿಸುತ್ತದೆ ಅಂತ ಈಗ ಗೊತ್ತಾಗಿದೆ. ‘ಬಿಪಿಎ ಇಲ್ಲ’ ಅಂತ ಬರೆದ ವಸ್ತುವನ್ನು ನಂಬಿ ಕೊಂಡ ತಾಯಿ ಏನು ತಪ್ಪು ಮಾಡಿದಳು? ಏನೂ ಇಲ್ಲ. ನಿಯಮ ಒಂದೊಂದೇ ಹೆಸರನ್ನು ಹಿಡಿದು ಹೋದರೆ ಹೀಗೇ ಆಗುತ್ತದೆ. ಒಂದನ್ನು ನಿಷೇಧಿಸಲು ಇಪ್ಪತ್ತು ವರ್ಷ, ಅದರ ಜಾಗಕ್ಕೆ ಇನ್ನೊಂದನ್ನು ತರಲು ಒಂದೇ ವರ್ಷ. ಅದಕ್ಕೇ ಇಡೀ ಗುಂಪನ್ನು ಒಟ್ಟಿಗೆ ನೋಡಬೇಕು. 2024ರ ಕೊನೆಯಲ್ಲಿ ಯುರೋಪು ಆಹಾರ ತಾಗುವ ವಸ್ತುಗಳಲ್ಲಿ ಬಿಪಿಎ ನಿಷೇಧಿಸಿದಾಗ, ಅಪಾಯಕಾರಿಯೆಂದು ಗುರುತಿಸಿದ ಇತರ ಬಿಸ್‌ಫಿನಾಲ್‌ಗಳನ್ನೂ ಸೇರಿಸಿತು. ನೀರು, ಎಣ್ಣೆ ಅಂಟದ ಹಾಗೆ ಮಾಡಲು ಬಳಸುವ, ಪರಿಸರದಲ್ಲಿ ಕರಗದೇ ಉಳಿಯುವ ಪಿಎಫ್‌ಎಎಸ್ ರಾಸಾಯನಿಕಗಳ ವಿಷಯದಲ್ಲೂ ಐದು ಯುರೋಪಿಯನ್ ದೇಶಗಳು 2023ರಲ್ಲಿ ಸುಮಾರು 10,000 ವಸ್ತುಗಳನ್ನು ಒಂದೇ ಗುಂಪಾಗಿ ನಿರ್ಬಂಧಿಸುವ ಪ್ರಸ್ತಾವ ಇಟ್ಟವು. ದಾರಿ ಇದೇ ಅಂತ ನನ್ನ ನಂಬಿಕೆ.

ಇನ್ನು ಪಾಲಿಮರ್ ಮೈಯೊಳಗೆ ಹೋಗಲಾರದು ಅನ್ನುವ ಹಳೆಯ ನಂಬಿಕೆ. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 257 ರೋಗಿಗಳ ಅಧ್ಯಯನ 2024ರಲ್ಲಿ ಇಟಲಿಯಿಂದ ಬಂತು. 150 ಜನರ ಕೊಬ್ಬಿನಲ್ಲಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ಕಣಗಳಿದ್ದವು. ಮುಂದಿನ ಸುಮಾರು ಮೂರು ವರ್ಷಗಳಲ್ಲಿ, ಪ್ಲಾಸ್ಟಿಕ್ ಕಣ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವ ಇಲ್ಲದವರಿಗಿಂತ ನಾಲ್ಕೂವರೆ ಪಟ್ಟು ಇತ್ತು. ಪ್ಲಾಸ್ಟಿಕ್‌ನಿಂದಲೇ ಹೀಗಾಯಿತು ಅಂತ ಈ ಒಂದು ಅಧ್ಯಯನ ಸಾಬೀತು ಮಾಡುವುದಿಲ್ಲ. ನಂಟು ಇದೆ ಅಂತ ತೋರಿಸುತ್ತದೆ. ಈಗ ಅದೇ ಪ್ರಶ್ನೆ ಮತ್ತೆ ಬಂತು ನೋಡಿ: ಪೂರ್ತಿ ಸಾಬೀತಾಗುವವರೆಗೆ ಎಲ್ಲರೂ ಸೇವಿಸುತ್ತಲೇ ಇರಬೇಕಾ?

ಜಗತ್ತು 1950ರಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಪ್ಲಾಸ್ಟಿಕ್ ಮಾಡುತ್ತಿತ್ತು. 2019ರಲ್ಲಿ 46 ಕೋಟಿ ಟನ್. ಕಸವಾದದ್ದರಲ್ಲಿ ಮರುಬಳಕೆಯಾಗುವುದು ಶೇ. 9ರಷ್ಟು. ಮರುಬಳಕೆ ಜಾಸ್ತಿ ಮಾಡಿದರೆ ಸಾಕು ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಹಳೆಯ ಟಿವಿ, ಕಂಪ್ಯೂಟರ್‌ಗಳ ಕಪ್ಪು ಪ್ಲಾಸ್ಟಿಕ್‌ನಲ್ಲಿ ಬೆಂಕಿ ತಡೆಯಲು ಹಾಕಿದ ಬ್ರೋಮಿನ್ ರಾಸಾಯನಿಕಗಳಿರುತ್ತವೆ. ಆ ಪ್ಲಾಸ್ಟಿಕ್ ಕರಗಿಸಿ ಮಾಡಿದ ಮಕ್ಕಳ ಆಟಿಕೆಗಳಲ್ಲಿ ಅವು ಮತ್ತೆ ಸಿಕ್ಕಿವೆ. ವಿಷ ಹಾಕಿ ತಯಾರಿಸಿದ್ದನ್ನು ಮರುಬಳಕೆ ಮಾಡಿದರೆ ವಿಷವೂ ಮರುಬಳಕೆಯಾಗುತ್ತದೆ. ಆದ್ದರಿಂದ ನಿಯಮ ಕಸದ ಬುಟ್ಟಿಯ ಹತ್ತಿರ ಶುರುವಾದರೆ ತಡವಾಯಿತು, ಕಾರ್ಖಾನೆಯ ಬಾಗಿಲಲ್ಲೇ ಶುರುವಾಗಬೇಕು.

2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ, ಪ್ಲಾಸ್ಟಿಕ್‌ಗೆ ಅಂತಾರಾಷ್ಟ್ರೀಯ ಒಪ್ಪಂದ ಮಾಡಲು ದೇಶಗಳು ಒಪ್ಪಿದವು. 2024ರ ಕೊನೆಗೆ ಬುಸಾನ್‌ನಲ್ಲಿ ಅದು ಮುಗಿಯಬೇಕಿತ್ತು, ಮುಗಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಆಗಲಿಲ್ಲ. ಉತ್ಪಾದನೆಗೇ ಮಿತಿ ಇರಲಿ, ಅಪಾಯಕಾರಿ ರಾಸಾಯನಿಕ ತೆಗೆಯಿರಿ ಅಂತ ನೂರಕ್ಕೂ ಹೆಚ್ಚು ದೇಶಗಳು ಕೇಳುತ್ತಿವೆ. ತೈಲ ಮತ್ತು ಪೆಟ್ರೋಕೆಮಿಕಲ್ ಉತ್ಪಾದಿಸುವ ಕೆಲವು ದೇಶಗಳು ಕಸದ ನಿರ್ವಹಣೆಯನ್ನಷ್ಟೇ ಮಾತಾಡೋಣ ಅನ್ನುತ್ತಿವೆ. ಸಹಮತದಿಂದಲೇ ತೀರ್ಮಾನ ಆಗಬೇಕು ಅಂತ ಪಟ್ಟು ಹಿಡಿದರೆ ಕೆಲವರು ಎಲ್ಲರನ್ನೂ ತಡೆಯಬಹುದು. ರಾಟರ್‌ಡ್ಯಾಮ್ ಒಪ್ಪಂದದಲ್ಲಿ ಇದನ್ನು ಕಂಡಿದ್ದೇವೆ. ಅಪಾಯಕಾರಿ ವಸ್ತು ಕಳಿಸುವ ಮುಂಚೆ ಕೊಳ್ಳುವ ದೇಶದ ಒಪ್ಪಿಗೆ ಪಡೆಯಿರಿ ಅನ್ನುವುದಷ್ಟೇ ಆ ಒಪ್ಪಂದದ ಬೇಡಿಕೆ. ಆ ಪಟ್ಟಿಗೆ ಕ್ರೈಸೊಟೈಲ್ ಆಸ್‌ಬೆಸ್ಟಾಸ್ ಸೇರಿಸುವುದನ್ನು ಬೆರಳೆಣಿಕೆಯ ದೇಶಗಳು 2006ರಿಂದ ಸಭೆಯ ಮೇಲೆ ಸಭೆಯಲ್ಲಿ ತಡೆದವು. ಹಾಗಾಗಿ ಪ್ಲಾಸ್ಟಿಕ್ ಒಪ್ಪಂದದಲ್ಲಿ ಮತಕ್ಕೆ ಹಾಕುವ ಅವಕಾಶ ಇರಲೇಬೇಕು. ಒಣ ವಿಷಯ ಅನ್ನಿಸಬಹುದು, ಆದರೆ ಉಳಿದೆಲ್ಲ ಇದರ ಮೇಲೆ ನಿಂತಿದೆ.

ಸಭಿಕರ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಒಬ್ಬರು ಕೇಳಿದರು: ಇಷ್ಟು ಬಿಗಿ ಮಾಡಿದರೆ ಕಾರ್ಖಾನೆಗಳು ಮುಚ್ಚುವುದಿಲ್ವಾ ಸಾರ್? ಆಸ್ಪತ್ರೆಗಳಿಗೇ ಪ್ಲಾಸ್ಟಿಕ್ ಬೇಕಲ್ಲ?

ಪಿವಿಸಿ ತಯಾರಿಸುವುದು ವಿನೈಲ್ ಕ್ಲೋರೈಡ್ ಎಂಬ ಅನಿಲದಿಂದ. 1974ರ ಜನವರಿಯಲ್ಲಿ ಅಮೆರಿಕದ ಲೂಯಿವಿಲ್‌ನ ಒಂದೇ ಕಾರ್ಖಾನೆಯ ಕೆಲಸಗಾರರಲ್ಲಿ, ಬಹಳ ಅಪರೂಪದ ಯಕೃತ್ತಿನ ಕ್ಯಾನ್ಸರ್ ಹಲವರಿಗೆ ಬಂದಿರುವುದು ಬಹಿರಂಗವಾಯಿತು. ಕೆಲಸದ ಜಾಗದ ಗಾಳಿಯಲ್ಲಿ ಆ ಅನಿಲ ಹತ್ತು ಲಕ್ಷಕ್ಕೆ 500 ಭಾಗದವರೆಗೆ ಇರಬಹುದು ಅಂತ ನಿಯಮ ಇತ್ತು. ಸರ್ಕಾರ ಅದನ್ನು 1 ಭಾಗಕ್ಕೆ ಇಳಿಸಿತು. ಇದು ಅಸಾಧ್ಯ, ಉದ್ಯಮವೇ ಮುಳುಗುತ್ತದೆ ಅಂತ ಕಂಪನಿಗಳು ಹೇಳಿದವು. ಆಮೇಲೆ ಸೋರದ ಹಾಗೆ ಯಂತ್ರಗಳನ್ನು ಬಿಗಿಮಾಡಿಕೊಂಡು, ಹೊರಗೆ ಹೋಗುತ್ತಿದ್ದ ಅನಿಲವನ್ನು ಹಿಡಿದು ಮತ್ತೆ ಬಳಸಿಕೊಂಡವು. ಪಿವಿಸಿ ಉದ್ಯಮ ಮುಳುಗಲಿಲ್ಲ, ಬೆಳೆಯಿತು. ಮುಳುಗುತ್ತೇವೆ ಅನ್ನುವ ಮಾತನ್ನು ಕೇಳಿಸಿಕೊಳ್ಳೋಣ, ಲೆಕ್ಕ ಕೇಳೋಣ. ಮಾತಿಗೇ ಹೆದರುವುದು ಬೇಡ.

ಆಸ್ಪತ್ರೆಯ ಮಾತು ನಿಜ. ಅದಕ್ಕೂ ಹಳೆಯ ದಾರಿ ಇದೆ. ಓಝೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದದಡಿ ಸಿಎಫ್‌ಸಿ ಅನಿಲಗಳನ್ನು ನಿಲ್ಲಿಸುತ್ತಾ ಬಂದಾಗ, ಅದೇ ಅನಿಲ ಬಳಸುತ್ತಿದ್ದ ಆಸ್ತಮಾ ಇನ್‌ಹೇಲರ್‌ಗಳಿಗೆ ಬದಲಿ ಸಿಗುವವರೆಗೆ ವಿನಾಯಿತಿ ಕೊಟ್ಟಿದ್ದರು. ಜೀವ ಉಳಿಸಲು ಬೇಕಾದದ್ದಕ್ಕೆ ಸಮಯ ಕೊಡೋಣ. ಒಂದು ಸಲ ಬಳಸಿ ಬಿಸಾಡುವ ಪೊಟ್ಟಣಕ್ಕೆ ಅದೇ ವಿನಾಯಿತಿ ಯಾಕೆ?

ಇನ್ನೊಬ್ಬರು, ಸಣ್ಣ ಮಗು ಎತ್ತಿಕೊಂಡಿದ್ದ ತಾಯಿ, ಕೇಳಿದರು: ಇದೆಲ್ಲ ಆಗುವವರೆಗೆ ನಾವೇನು ಮಾಡೋದು?

ಮನೆಯಲ್ಲಿ ಮಾಡಬಹುದಾದ್ದು ಸ್ವಲ್ಪ ಇದೆ. ಬಿಸಿ ಆಹಾರ ಪ್ಲಾಸ್ಟಿಕ್‌ಗೆ ಹಾಕಬೇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಮಾಡಬೇಡಿ. ಥರ್ಮಲ್ ಬಿಲ್‌ಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಇಷ್ಟು ಮಾಡಿ, ಮಿಕ್ಕಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಸೀಸದ ಪೆಟ್ರೋಲ್ ಕಾಲದಲ್ಲಿ ಯಾವ ತಾಯಿಯೂ ಮಗುವಿಗೆ ಬೇರೆ ಗಾಳಿ ಕೊಂಡು ತರಲು ಆಗುತ್ತಿರಲಿಲ್ಲ.

ಮನೆಯ ಹೊರಗೆ ಮಾಡಬೇಕಾದ ಕೆಲಸ ಜಾಸ್ತಿ ಇದೆ. ಹಲವು ದೇಶಗಳಲ್ಲಿ ನಿಯಮ ಜಾರಿಯಾಗುವ ಮುಂಚೆ ಕರಡು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಕೇಳುತ್ತಾರೆ. ಉದ್ಯಮದ ವಕೀಲರು ಆ ಗಡುವನ್ನು ತಪ್ಪಿಸುವುದಿಲ್ಲ. ವೈದ್ಯರು, ಶಿಕ್ಷಕರು, ತಂದೆತಾಯಿಯರು ಬರೆಯುವುದು ಬಹಳ ಕಡಿಮೆ. ನೀವು ಬರೆಯಿರಿ, ಒಂದು ಪುಟ ಸಾಕು. ಮೂರು ಪ್ರಶ್ನೆ ಕೇಳಿ. ಈ ರಾಸಾಯನಿಕ ಸುರಕ್ಷಿತ ಅಂತ ತೋರಿಸುವ ಹೊಣೆ ಕಂಪನಿಯದೋ ಸರ್ಕಾರದ್ದೋ? ಇದರ ಜಾಗಕ್ಕೆ ಬರುವ ವಸ್ತುವನ್ನು ಯಾರು ಪರೀಕ್ಷೆ ಮಾಡಿದ್ದಾರೆ, ಯಾರ ಹಣದಲ್ಲಿ? ಆ ಪರೀಕ್ಷೆಯ ವರದಿಯನ್ನು ನಾವು ಎಲ್ಲಿ ಓದಬಹುದು? ಪತ್ರಕ್ಕೆ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ, ಈ ಪ್ರಶ್ನೆಯನ್ನು ಮೊದಲೇ ಕೇಳಿದ್ದೆವು ಅನ್ನುವುದಕ್ಕೆ ಆ ಕಾಗದವೇ ದಾಖಲೆ.